ಬೋರ್ಡಾದ ಮಲ್ಟಿಪರ್ಪಸ್ ಶಾಲೆ ಮತ್ತು ಗುಡ್ಡದ ಮಕ್ಕಳು

ಗೋವಾದ ಮಡಗಾಂವ್ ನಗರದ ಮೋತಿ ಡೊಂಗರ್ ಎಂಬ ಗುಡ್ಡದಲ್ಲಿ ಹುಟ್ಟಿ ಬೆಳೆಯುವ ಕನ್ನಡದ ಮಗುವಿಗೆ ಹತ್ತು ವರ್ಷ ತುಂಬುವಷ್ಟರಲ್ಲಿ ಐದು ಭಾಷೆ ಕಿವಿಗೆ ಬಿದ್ದಿರುತ್ತವೆ. ಮನೆಯಲ್ಲಿ ಅವ್ವ ಅಪ್ಪನ ಉತ್ತರ ಕರ್ನಾಟಕದ ಕನ್ನಡ, ಓಣಿಯಲ್ಲಿ ಹಿಂದಿ, ಮಾರ್ಕೆಟ್ಟಿನಲ್ಲಿ ಕೊಂಕಣಿ, ಪ್ರಾಥಮಿಕ ಶಾಲೆಯಲ್ಲಿ ಬಹುಮಟ್ಟಿಗೆ ಮರಾಠಿ, ಐದನೇ ತರಗತಿಯಿಂದ ಇಂಗ್ಲಿಷ್. ಗೋವಾಕ್ಕೆ ದುಡಿಯಲು ಬಂದ ಕನ್ನಡಿಗರಲ್ಲಿ ಬಹಳ ಮಂದಿ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳದ ಕಡೆಯವರು. ಗಾರೆ ಕೆಲಸ, ಹಮಾಲಿ, ಮನೆಗೆಲಸ, ತರಕಾರಿ ವ್ಯಾಪಾರ ಅವರ ಬದುಕು. 2011ರ ಜನಗಣತಿಯ ಪ್ರಕಾರ ಗೋವಾದ ಜನರಲ್ಲಿ ಶೇ 4ಕ್ಕೂ ಹೆಚ್ಚು ಮಂದಿಯ ಮಾತೃಭಾಷೆ ಕನ್ನಡ. ಈ ಮನೆಗಳ ಮಕ್ಕಳು ಹತ್ತನೇ ತರಗತಿ ಮುಟ್ಟಬೇಕಾದರೆ ಅವರಿಗೆ ಒಂದು ಸರ್ಕಾರಿ ಹೈಸ್ಕೂಲ್ ಬೇಕು.

ಅಂಥದೊಂದು ಶಾಲೆ ಮಡಗಾಂವ್‌ನದೇ ಇನ್ನೊಂದು ಭಾಗವಾದ ಬೋರ್ಡಾದಲ್ಲಿದೆ. ಅದರ ಹೆಸರು ಗವರ್ನಮೆಂಟ್ ಮಲ್ಟಿಪರ್ಪಸ್ ಹೈಯರ್ ಸೆಕೆಂಡರಿ ಸ್ಕೂಲ್. ಊರಿನ ದೊಡ್ಡ ಹೆಸರಿನ ಶಾಲೆಗಳ ಪಟ್ಟಿ ಹೇಳುವವರು ಮೊದಲು ಲೊಯೋಲಾ ಎನ್ನುತ್ತಾರೆ. ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ್ ಪರ್ರೀಕರ್ ಓದಿದ ಶಾಲೆ ಅದು. ಬೋರ್ಡಾದ ಸರ್ಕಾರಿ ಶಾಲೆಯ ಹೆಸರು ಪಟ್ಟಿಯ ಕೆಳಗಡೆ ಬರುತ್ತದೆ. ಆದರೆ ಅದರ ಫಲಕದಲ್ಲಿರುವ ಮಲ್ಟಿಪರ್ಪಸ್ ಎಂಬ ವಿಶೇಷಣದ ಹಿಂದೆ ಒಂದು ದೊಡ್ಡ ಕನಸಿನ ಚರಿತ್ರೆಯಿದೆ. ಆ ಚರಿತ್ರೆ ಅಮೆರಿಕದಿಂದ ಶುರುವಾಗಿ ಮೈಸೂರಿನ ಮೂಲಕವೂ ಹಾದು ಬರುತ್ತದೆ.

ಸಾರ್ವಜನಿಕ ಹೈಸ್ಕೂಲ್ ಎಂಬ ವ್ಯವಸ್ಥೆಯನ್ನು ಅಮೆರಿಕದವರು 1821ರಲ್ಲಿ ಬಾಸ್ಟನ್‌ನಲ್ಲಿ ಆರಂಭಿಸಿದರು. 1827ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ, 500 ಕುಟುಂಬಗಳಿರುವ ಊರು ಹೈಸ್ಕೂಲ್ ನಡೆಸಲೇಬೇಕು ಎಂದು ಕಾನೂನು ಮಾಡಿತು. ಊರವರ ತೆರಿಗೆಯಿಂದ ಹೈಸ್ಕೂಲ್ ನಡೆಸುವುದು ಸರಿಯೇ ಎಂಬ ತಕರಾರು ಮಿಷಿಗನ್ ರಾಜ್ಯದ ಕಲಮಝೂ ಎಂಬಲ್ಲಿ ಕೋರ್ಟು ಹತ್ತಿತು. 1874ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರಿ ಎಂದೇ ತೀರ್ಪು ಕೊಟ್ಟಿತು. ಅಲ್ಲಿಂದ ಮುಂದೆ ಅಮೆರಿಕದ ಹೈಸ್ಕೂಲ್ ಊರಿನ ಎಲ್ಲ ಮಕ್ಕಳಿಗೂ ಒಂದೇ ಸೂರು ಎಂಬಂತೆ ಬೆಳೆಯಿತು. ಕಾಲೇಜಿಗೆ ಹೋಗುವವರ ಗಣಿತ, ಗ್ಯಾರೇಜಿಗೆ ಹೋಗುವವರ ಮರಗೆಲಸ, ಆಫೀಸಿಗೆ ಹೋಗುವವರ ಟೈಪಿಂಗ್, ಎಲ್ಲವೂ ಒಂದೇ ಕಾಂಪೌಂಡಿನೊಳಗೆ. ಎರಡನೇ ಮಹಾಯುದ್ಧದ ನಂತರ ನಗರಗಳ ಹೊರವಲಯದಲ್ಲಿ ಹೊಸ ಬಡಾವಣೆಗಳು ಎದ್ದಾಗ, ಹಳದಿ ಬಸ್ಸು, ಆಟದ ಮೈದಾನ, ಬ್ಯಾಂಡ್ ತಂಡಗಳಿರುವ ಈ ಶಾಲೆಯೇ ಬಡಾವಣೆಯ ಹೃದಯವಾಯಿತು.

ಸ್ವತಂತ್ರ ಭಾರತ ಈ ಮಾದರಿಯನ್ನು ಗಂಭೀರವಾಗಿ ಪರಿಶೀಲಿಸಿತು. 1952–53ರ ಮಾಧ್ಯಮಿಕ ಶಿಕ್ಷಣ ಆಯೋಗಕ್ಕೆ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷರು. ಸದಸ್ಯರಲ್ಲಿ ಆಕ್ಸ್‌ಫರ್ಡಿನ ಜಾನ್ ಕ್ರಿಸ್ಟಿ ಇದ್ದರು, ಅಮೆರಿಕದ ಅಟ್ಲಾಂಟಾದಿಂದ ಬಂದ ಕೆನೆತ್ ರಾಸ್ಟ್ ವಿಲಿಯಮ್ಸ್ ಇದ್ದರು. ನಮ್ಮ ಹೈಸ್ಕೂಲ್ ಬರೀ ಪುಸ್ತಕದ ಓದಾಗಿದೆ, ಕಾಲೇಜಿಗೆ ಹೋಗದ ಹುಡುಗನಿಗೆ ಅದರಿಂದ ಉಪಯೋಗವಿಲ್ಲ ಎಂಬುದು ಆಯೋಗದ ಚಿಂತೆ. ಪರಿಹಾರವಾಗಿ ಅದು ಬಹೂದ್ದೇಶ ಶಾಲೆಗಳನ್ನು ಸೂಚಿಸಿತು. ಭಾಷೆ, ಸಮಾಜ, ವಿಜ್ಞಾನದ ಸಾಮಾನ್ಯ ಪಾಠಗಳ ಜೊತೆಗೆ ತಾಂತ್ರಿಕ ವಿಷಯ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನಗಳಲ್ಲಿ ಮಗು ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದು. ಮೇಸ್ತ್ರಿಯ ಮಗನೂ ವಕೀಲರ ಮಗಳೂ ಒಂದೇ ಶಾಲೆಯಲ್ಲಿ ಓದುತ್ತ, ಬೇರೆ ಬೇರೆ ದಾರಿ ಹಿಡಿಯಬಹುದು.

ಇಂಥ ಶಾಲೆಗಳಿಗೆ ಶಿಕ್ಷಕರು ಎಲ್ಲಿಂದ ಬರಬೇಕು? ವರ್ಕ್‌ಶಾಪಿನಲ್ಲಿ ಕೈಯಾಡಿಸಿ ಗೊತ್ತಿರುವ, ಪಾಠವನ್ನೂ ಹೇಳಬಲ್ಲ ಮಾಸ್ತರರು ದೇಶದಲ್ಲಿ ಇರಲಿಲ್ಲ. ಅವರನ್ನು ತಯಾರು ಮಾಡಲೆಂದೇ ಎನ್‌ಸಿಇಆರ್‌ಟಿ ಅಜ್ಮೇರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ 1963ರ ಸುಮಾರಿಗೆ ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ತೆರೆಯಿತು. ನೆರವಿಗೆ ಬಂದದ್ದು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ. ಮಾನಸಗಂಗೋತ್ರಿಯ ಆವರಣದಲ್ಲಿ ಕಾಲೇಜಿಗೆ ಹೊಂದಿಕೊಂಡಂತೆ ನಡೆಯುವ ಡೆಮಾನ್‌ಸ್ಟ್ರೇಷನ್ ಮಲ್ಟಿಪರ್ಪಸ್ ಸ್ಕೂಲ್ ಮೈಸೂರಿನವರಿಗೆ ಡಿಎಂಎಸ್ ಎಂದೇ ಪರಿಚಿತ. ಬೋರ್ಡಾದ ಶಾಲೆಯ ಹೆಸರೂ ಅದರ ಹೆಸರೂ ಒಂದೇ ಚಿಂತನೆಯ ಮಕ್ಕಳು.

ಚಿಂತನೆ ಹೆಚ್ಚು ಕಾಲ ಬಾಳಲಿಲ್ಲ. ಯಂತ್ರಗಳಿಗೆ ಹಣ ಸಾಲಲಿಲ್ಲ, ತರಬೇತಾದ ಶಿಕ್ಷಕರು ಸಿಗಲಿಲ್ಲ, ತಾಯಿತಂದೆಯರು ಮರಗೆಲಸದ ವಿಭಾಗವನ್ನು ಕೀಳಾಗಿ ಕಂಡರು. 1964–66ರ ಕೊಠಾರಿ ಆಯೋಗ, ಹತ್ತನೇ ತರಗತಿಯವರೆಗೆ ಎಲ್ಲರಿಗೂ ಒಂದೇ ಪಠ್ಯಕ್ರಮ ಸಾಕು, ಬೇಗ ಕವಲೊಡೆಯುವುದು ಬೇಡ ಎಂದಿತು. ಅದರಲ್ಲೂ ನ್ಯಾಯವಿತ್ತು. ಹದಿಮೂರರ ಮಗುವನ್ನು ನೀನು ಬಡಗಿ, ನೀನು ಡಾಕ್ಟರ್ ಎಂದು ವಿಂಗಡಿಸಿದರೆ ಬಡವರ ಮಗು ಯಾವ ಸಾಲಿಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಕೈಗೆಲಸದ ಕಲಿಕೆ ಶಾಲೆಯಿಂದ ಬಹುಮಟ್ಟಿಗೆ ಹೊರಗುಳಿದದ್ದು ದೊಡ್ಡ ನಷ್ಟವೇ ಸರಿ.

ಗೋವಾದ ಶಾಲೆಗಳ ಕಥೆ ಮಾತ್ರ ಭಾರತದ ಉಳಿದ ಭಾಗದ್ದಲ್ಲ. ಪೋರ್ಚುಗೀಸರು 1854ರಲ್ಲಿ ಪಣಜಿಯಲ್ಲಿ ಲಿಸಿಯಂ ಎಂಬ ಪ್ರೌಢಶಾಲೆ ತೆರೆದರು. ಅಲ್ಲಿನ ಪಾಠ ಪೋರ್ಚುಗೀಸ್ ಭಾಷೆಯಲ್ಲಿ. ವೈದ್ಯಕೀಯ ಶಾಲೆಯೊಂದಿತ್ತು, ಆದರೆ ಕಲೆ, ವಿಜ್ಞಾನದ ಪದವಿ ಬೇಕೆಂದ ಗೋವಾದ ಹುಡುಗರು ಮುಂಬೈಗೋ ಬೆಳಗಾವಿಗೋ ಧಾರವಾಡಕ್ಕೋ ಗಡಿ ದಾಟಿ ಹೋಗುತ್ತಿದ್ದರು. ಇಂದು ಧಾರವಾಡದ ಸೀಮೆಯ ಕುಟುಂಬಗಳು ದುಡಿಮೆಗಾಗಿ ಗಡಿ ದಾಟಿ ಬರುತ್ತವೆ, ಅವರ ಮಕ್ಕಳು ಗೋವಾದ ಶಾಲೆಯ ಬೆಂಚಿನಲ್ಲಿ ಕೂರುತ್ತಾರೆ. ಆಗ ಗೋವಾದ ಹುಡುಗರಿಗೆ ಧಾರವಾಡ ಬಾಗಿಲು ತೆರೆದಿತ್ತು ಎಂಬುದನ್ನು ಎರಡೂ ಕಡೆಯವರು ನೆನಪಿಡುವುದು ಒಳ್ಳೆಯದು.

1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಯಿತು. ಮರುವರ್ಷವೇ ಪಣಜಿಯಲ್ಲಿ ಧೆಂಪೆ ಕಾಲೇಜು, ಮಡಗಾಂವ್‌ನಲ್ಲಿ ಚೌಗುಲೆ ಕಾಲೇಜು ಆರಂಭವಾದವು. ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಹಳ್ಳಿಹಳ್ಳಿಗೆ ಸರ್ಕಾರಿ ಮರಾಠಿ ಪ್ರಾಥಮಿಕ ಶಾಲೆ ತಂದರು. 1975ರ ಕಾನೂನಿನಿಂದ ಗೋವಾಕ್ಕೆ ತನ್ನದೇ ಪರೀಕ್ಷಾ ಮಂಡಳಿ ಬಂತು. ಆಮೇಲೆ ಬೋಧನಾ ಮಾಧ್ಯಮದ ಜಗಳ. 1987ರಲ್ಲಿ ಕೊಂಕಣಿ ರಾಜ್ಯಭಾಷೆಯಾಯಿತು. 1990ರಲ್ಲಿ ಪ್ರಾದೇಶಿಕ ಭಾಷೆಯಲ್ಲಿ ಕಲಿಸುವ ಪ್ರಾಥಮಿಕ ಶಾಲೆಗಷ್ಟೇ ಅನುದಾನ ಎಂಬ ನೀತಿ ಬಂತು. 2011ರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೂ ಅನುದಾನ ವಿಸ್ತರಿಸಿದಾಗ ಬೀದಿಯಲ್ಲಿ ದೊಡ್ಡ ಚಳವಳಿಯೇ ಎದ್ದಿತು. ಈ ವಾಗ್ವಾದದಲ್ಲಿ ಕೊಂಕಣಿ, ಮರಾಠಿ, ಇಂಗ್ಲಿಷ್ ಪರವಾಗಿ ಮಾತನಾಡಲು ಬಲವಾದ ಸಂಘಟನೆಗಳಿದ್ದವು. ಕನ್ನಡದ ಮಗುವಿನ ಪರ ದನಿ ಕ್ಷೀಣವಾಗಿತ್ತು.

ಪ್ರಾಥಮಿಕ ಹಂತ ದಾಟಿ ಮೇಲೆ ಬಂದರೆ, ಗೋವಾದಲ್ಲಿ ಹೈಸ್ಕೂಲುಗಳ ಪೈಕಿ ಹೆಚ್ಚಿನವು ಖಾಸಗಿ ಆಡಳಿತದ, ಸರ್ಕಾರಿ ಅನುದಾನದ ಶಾಲೆಗಳು. ಶಿಕ್ಷಕರ ಸಂಬಳ ಸರ್ಕಾರದ್ದು, ಆಡಳಿತ ಟ್ರಸ್ಟಿನದೋ ಚರ್ಚಿನದೋ. ಮಕ್ಕಳನ್ನು ಕರೆತರಲು ಬಾಲರಥ ಬಸ್ಸುಗಳೂ ಇವೆ. ಓದಿದ, ಊರಲ್ಲಿ ಗುರುತಿರುವ ತಾಯಿತಂದೆಯರು ಅಲ್ಲಿಗೆ ಹೋಗುತ್ತಾರೆ. ಅರ್ಜಿ ಬರೆಯಲು ಬಾರದ, ಯಾರನ್ನು ಕಾಣಬೇಕೆಂದು ತಿಳಿಯದವರಿಗೆ ಸರ್ಕಾರಿ ಹೈಸ್ಕೂಲೇ ಗತಿ. ಹಾಗಾಗಿ ಅಲ್ಲಿನ ಶಿಕ್ಷಕರ ಕೆಲಸ ಹೆಚ್ಚು ಕಷ್ಟದ್ದು, ಹೆಚ್ಚು ಮಹತ್ವದ್ದು. ಹತ್ತನೇ ತರಗತಿಯ ಫಲಿತಾಂಶದ ಶೇಕಡಾವಾರು ಪಟ್ಟಿಯಲ್ಲಿ ಈ ಮಹತ್ವ ಕಾಣುವುದಿಲ್ಲ.

ಭಾಷೆಯ ಏಣಿಯನ್ನೇ ನೋಡಿ. ಒಂದರಿಂದ ನಾಲ್ಕರವರೆಗೆ ಸರ್ಕಾರಿ ಪ್ರಾಥಮಿಕ ಶಾಲೆ, ಬಹುತೇಕ ಮರಾಠಿ, ಕೆಲವು ಕೊಂಕಣಿ. ಕನ್ನಡ, ಉರ್ದು ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳು ಬೆರಳೆಣಿಕೆಯಷ್ಟು. ಐದನೇ ತರಗತಿಗೆ ಕಾಲಿಡುತ್ತಿದ್ದಂತೆ ಗಣಿತ, ವಿಜ್ಞಾನ, ಸಮಾಜ ಎಲ್ಲವೂ ಇಂಗ್ಲಿಷಿನಲ್ಲಿ. ಮನೆಯಲ್ಲಿ ಆ ಭಾಷೆಯ ಒಂದು ಪುಟ ಓದಿಸಬಲ್ಲವರಿಲ್ಲ. ಮಧ್ಯಾಹ್ನದ ಊಟಕ್ಕೆ ಮಹಿಳಾ ಸ್ವಸಹಾಯ ಗುಂಪಿನವರು ತರುವ ಪಾವ್‌ಭಾಜಿಯನ್ನು ರೊಟ್ಟಿ ಉಂಡು ಬೆಳೆದ ಮಗು ಒಂದೇ ವಾರದಲ್ಲಿ ಒಗ್ಗಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಬರುವ ಭಿನ್ನರಾಶಿ ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಮಾಡಿಕೊಡಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಅದನ್ನು ಕೇಳುವ ಹಕ್ಕು ಗುಡ್ಡದ ಕನ್ನಡಿಗರಿಗಿದೆ. ಅದರ ಜೊತೆಗೆ ಕೊಂಕಣಿಯನ್ನೂ ಚೆನ್ನಾಗಿ ಕಲಿಯಬೇಕು. ಗೋವಾದ ಸರ್ಕಾರಿ ನೌಕರಿಗೆ ಕೊಂಕಣಿ ಜ್ಞಾನ ಕಡ್ಡಾಯ, ನೆರೆಯವರ ವಿಶ್ವಾಸಕ್ಕೂ ಅದೇ ದಾರಿ.

ಅಮೆರಿಕದ ಹೊರವಲಯದ ಹೈಸ್ಕೂಲಿಗೂ ಇಲ್ಲಿನದಕ್ಕೂ ನಿಜವಾದ ಅಂತರ ಕಾಣುವುದು ವಿಳಾಸದಲ್ಲಿ. ಅಲ್ಲಿ ಮಗುವಿನ ಮನೆ ಯಾವ ಗಡಿಯೊಳಗಿದೆಯೋ ಆ ಗಡಿಯ ಶಾಲೆ ಅದಕ್ಕೆ ಸೇರಿದ್ದು. ಆಸ್ತಿ ತೆರಿಗೆಯಿಂದ ಶಾಲೆಗೆ ಹಣ ಬರುವುದರಿಂದ ಶ್ರೀಮಂತ ಬಡಾವಣೆಗೆ ಶ್ರೀಮಂತ ಶಾಲೆ. ಟೆಕ್ಸಸ್‌ನ ಬಡ ಶಾಲಾ ಜಿಲ್ಲೆಯೊಂದರ ತಾಯಿತಂದೆಯರು ಈ ಅಸಮಾನತೆಯನ್ನು ಪ್ರಶ್ನಿಸಿದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ವಾದವನ್ನು 5–4 ಬಹುಮತದಿಂದ ತಳ್ಳಿಹಾಕಿತು. ಅದೇ ಟೆಕ್ಸಸ್‌ನ ಟೈಲರ್ ಎಂಬ ಊರಿನ ಶಾಲಾ ಆಡಳಿತ, ವಲಸೆಯ ಕಾಗದಪತ್ರವಿಲ್ಲದ ಮಕ್ಕಳಿಂದ ವರ್ಷಕ್ಕೆ 1000 ಡಾಲರ್ ಶುಲ್ಕ ಕೇಳಿತು. ಆ ಮೊಕದ್ದಮೆಯಲ್ಲಿ 1982ರಲ್ಲಿ ಅದೇ ಕೋರ್ಟ್, ಮತ್ತೆ 5–4 ಬಹುಮತದಿಂದ, ಕಾಗದವಿಲ್ಲವೆಂದು ಮಗುವಿಗೆ ಸಾರ್ವಜನಿಕ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದಿತು.

ಮೋತಿ ಡೊಂಗರ್‌ನ ಜನ ವಿದೇಶಿಯರಲ್ಲ, ಇದೇ ದೇಶದ ನಾಗರಿಕರು. ಆದರೂ ವಿಳಾಸದ ಪ್ರಶ್ನೆ ಅವರನ್ನು ಬಿಟ್ಟಿಲ್ಲ. ಗುಡ್ಡದ ಮನೆಗಳ ಸಕ್ರಮದ ಮಾತು ಚುನಾವಣೆಯಿಂದ ಚುನಾವಣೆಗೆ ಎದ್ದು ಕೂರುತ್ತದೆ. ಸರ್ಕಾರಿ ಜಾಗದಲ್ಲಿರುವ ಹಳೆಯ ಮನೆಗಳನ್ನು ಸಕ್ರಮಗೊಳಿಸಲು ಗೋವಾ ವಿಧಾನಸಭೆ 2025ರಲ್ಲಿ ಕಾನೂನು ತಿದ್ದಿದೆ. ರಾಜ್ಯ ಸರ್ಕಾರದ ಕೆಲಸಕ್ಕೆ 15 ವರ್ಷ ಗೋವಾದಲ್ಲಿ ವಾಸವಿದ್ದ ಪ್ರಮಾಣಪತ್ರ ಬೇಕು. ಬಾಡಿಗೆ ಕೋಣೆ ಬದಲಿಸುತ್ತ ಬಂದ ಕುಟುಂಬ ಈ 15 ವರ್ಷಗಳನ್ನು ಏನು ತೋರಿಸಿ ಸಾಬೀತು ಮಾಡಬೇಕು? ವರ್ಷ ತಪ್ಪದೆ ಮಗುವಿನ ಹೆಸರು ಬರೆದುಕೊಂಡಿರುವುದು ಶಾಲೆಯ ಹಾಜರಿ ಪುಸ್ತಕ ಮಾತ್ರ. ಶಾಲೆ ಬಿಟ್ಟ ಮಗು ಓದನ್ನಷ್ಟೇ ಕಳೆದುಕೊಳ್ಳುವುದಿಲ್ಲ, ತಾನು ಈ ಊರಿನಲ್ಲಿ ಬೆಳೆದೆ ಎನ್ನುವ ದಾಖಲೆಯನ್ನೂ ಕಳೆದುಕೊಳ್ಳುತ್ತದೆ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಈ ಮಕ್ಕಳ ಕೈಯಲ್ಲಿರುವ ದೊಡ್ಡ ಬಲ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಬೇರೆ ರಾಜ್ಯದಿಂದ ಬಂದ ಮಗುವಿನ ಟಿಸಿ ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ಹಿಂದುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಆದರೆ ಈ ಹಕ್ಕು ಆರರಿಂದ ಹದಿನಾಲ್ಕರ ವಯಸ್ಸಿಗೆ, ಎಂಟನೇ ತರಗತಿಗೆ ಮುಗಿಯುತ್ತದೆ. ಬಿಸಿಯೂಟದ ಕೇಂದ್ರ ಯೋಜನೆಯೂ ಅಲ್ಲಿಗೇ ನಿಲ್ಲುತ್ತದೆ. ಅಂದರೆ ನಿಜವಾದ ಹೈಸ್ಕೂಲ್ ಶುರುವಾಗುವ ಒಂಬತ್ತನೇ ತರಗತಿಯಲ್ಲೇ ಕಾನೂನು ಮಗುವಿನ ಕೈ ಬಿಡುತ್ತದೆ. ಕೂಲಿಗೆ ಕರೆಯುವವರು ಬರುವುದೂ ಅದೇ ವಯಸ್ಸಿನಲ್ಲಿ. ಇದು ತಿದ್ದಲೇಬೇಕಾದ ಲೋಪ. ಹನ್ನೆರಡನೇ ತರಗತಿವರೆಗೆ ಹಕ್ಕು ವಿಸ್ತರಿಸದೆ ಸಾರ್ವಜನಿಕ ಹೈಸ್ಕೂಲಿನ ಮಾತು ಅರ್ಧ ಮಾತೇ.

ಬಹೂದ್ದೇಶ ಶಾಲೆಯ ಹಳೆಯ ಯೋಚನೆ ಈಗ ಬೇರೆ ರೂಪದಲ್ಲಿ ಮರಳುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯಿಂದಲೇ ವೃತ್ತಿ ಕಲಿಕೆಯ ಪರಿಚಯವಾಗಲಿ ಎನ್ನುತ್ತದೆ. ಗುಡ್ಡದ ಮಕ್ಕಳಿಗೆ ಇದು ಹೊಸದೇನಲ್ಲ. ಸೆಂಟ್ರಿಂಗ್, ಟೈಲ್ಸ್, ವೈರಿಂಗ್ ಕೆಲಸಗಳನ್ನು ಅವರು ಅಪ್ಪನ ಜೊತೆ ಹೋಗಿ ನೋಡಿದವರೇ. ಅವರಿಗೆ ಬೇಕಾದದ್ದು ಆ ಕೆಲಸದ ಹಿಂದಿನ ಅಳತೆ, ವಿದ್ಯುತ್ತಿನ ನಿಯಮ, ನಕ್ಷೆ ಓದುವ ವಿದ್ಯೆ, ಕೈಗೊಂದು ಸರ್ಟಿಫಿಕೇಟು, ಜೊತೆಗೆ ಬಯಸಿದರೆ ಎಂಜಿನಿಯರಿಂಗ್ ಓದುವ ತೆರೆದ ದಾರಿ. ಮುದಲಿಯಾರ್ ಆಯೋಗ ಬಯಸಿದ್ದು ಇದನ್ನೇ. ವರ್ಕ್‌ಶಾಪಿಗೆ ಯಂತ್ರ ಕೊಟ್ಟು, ಮಾಸ್ತರರನ್ನು ಖಾಯಂ ಆಗಿ ನೇಮಿಸಿದರೆ ಈ ಸಲ ಅದು ಫಲ ಕೊಟ್ಟೀತು.

ಗೋವಾದಲ್ಲಿ 2025ರಿಂದ ಆರರಿಂದ ಹತ್ತನೇ ತರಗತಿಗಳ ಶೈಕ್ಷಣಿಕ ವರ್ಷ ಏಪ್ರಿಲ್ ತಿಂಗಳಲ್ಲೇ ಆರಂಭವಾಗುತ್ತಿದೆ. ಮೊದಲ ವರ್ಷ ತರಗತಿಗಳು ಶುರುವಾದದ್ದು ಏಪ್ರಿಲ್ 7ರಂದು. ಕರ್ನಾಟಕದ ಶಾಲೆಗಳಲ್ಲಿ ಆಗ ಹಳೆಯ ವರ್ಷದ ಲೆಕ್ಕ ಇನ್ನೂ ಮುಗಿದಿರುವುದಿಲ್ಲ. ಜಾತ್ರೆ, ಮದುವೆ ಮುಗಿಸಿ ಜೂನಿನಲ್ಲಿ ಮಗುವನ್ನು ಮಡಗಾಂವ್‌ಗೆ ಕರೆತರುವ ಕುಟುಂಬ ಆಗಲೇ ಹಿಂದೆ ಬಿದ್ದಿರುತ್ತದೆ. ಆದ್ದರಿಂದ ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಮಗುವನ್ನು ಗೋವಾಕ್ಕೆ ಕರೆದೊಯ್ಯುತ್ತೇವೆ ಎಂದು ಬಂದ ತಾಯಿಯನ್ನು ನಾಳೆ ಬಾ ಎನ್ನಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿಯನ್ನು ಕೂಡಲೇ ಕೊಡಬೇಕು, ತಡಮಾಡಿದವರು ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ಗೋವಾದ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಕೊಡುವ ಶ್ರಮದ ಒಂದು ಪಾಲನ್ನು ಮಾರ್ಚ್ ತಿಂಗಳಿಗೆ ಮೀಸಲಿಡಲಿ. ಮನೆಮನೆಗೆ ಹೋಗಿ ಎಂಟನೇ ತರಗತಿ ಮುಗಿಸಿದ ಮಕ್ಕಳ ಪಟ್ಟಿ ಮಾಡಿ, ಒಬ್ಬೊಬ್ಬರನ್ನೂ ಒಂಬತ್ತನೇ ತರಗತಿಗೆ ಸೇರಿಸಿ ಬರಲಿ.