ಸುಗ್ಗಿಯ ದುಡ್ಡು, ಶ್ರಾವಣದ ಉದ್ರಿ

ಯಾದಗಿರಿ ಜಿಲ್ಲೆಯ ಸೈದಾಪುರ ಸೀಮೆಯಲ್ಲಿ ಹಬ್ಬದ ದಿನ ಗೊತ್ತು ಮಾಡುವುದು ಪಂಚಾಂಗ. ಖರ್ಚು ಗೊತ್ತು ಮಾಡುವುದು ಬೆಳೆ. ಬೀಜ, ಗೊಬ್ಬರಕ್ಕೆ ಕೈಲಿದ್ದುದೆಲ್ಲ ಸುರಿದು, ಹೊಲದಿಂದ ಇನ್ನೂ ಏನೂ ಬಾರದ ಹೊತ್ತಿಗೆ ಶ್ರಾವಣದ ನಾಗರ ಪಂಚಮಿ ಬರುತ್ತದೆ. ತವರಿಗೆ ಬಂದ ಮಗಳ ಸೀರೆ, ಬಳೆ, ಉಂಡಿಯ ಬೆಲ್ಲ ಹೆಚ್ಚಾಗಿ ಉದ್ರಿಯೇ. ಅದು ತೀರುವುದು ಹೆಸರು ಕೈಗೆ ಬಂದಾಗ. ಹೆಸರು ಹೋದರೆ ಹತ್ತಿ ಬಿಡಿಸಿದ ಮೇಲೆ. ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಜಾತ್ರೆ ನಡೆಯುವಾಗ ತೊಗರಿ ರಾಶಿಯ ಕಾಲ. ಬೆಳೆ ಬಂದ ವರ್ಷ ಜನ ಕೈಬಿಚ್ಚಿ ಕೊಳ್ಳುತ್ತಾರೆ.

ಹಿಂದೆ ಹಬ್ಬಕ್ಕೆ ನಗದು ಅಷ್ಟಾಗಿ ಬೇಕಿರಲಿಲ್ಲ. ಬಡಿಗೇರ, ಕಂಬಾರ, ಕುಂಬಾರರಿಗೆ ಕೆಲಸದ ಕೂಲಿಯಾಗಿ ಆಯದ ಕಾಳು ಸಲ್ಲುತ್ತಿತ್ತು. ಪಂಚಮಿಯ ಅಳ್ಳು, ತಂಬಿಟ್ಟು, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚೆಲ್ಲುವ ಚರಗ ಮನೆಯ ಕಾಳಿನಲ್ಲೇ ಆಗುತ್ತಿದ್ದವು. ಇಂದಿಗೂ ಬರ ಬಿದ್ದಾಗ ಮೊದಲು ಬಿಟ್ಟುಹೋಗುವುದು ಅಂಗಡಿಯಿಂದ ತರುವ ಬಟ್ಟೆ, ಬೂಂದಿ ಉಂಡಿ. ಅಳ್ಳು ಮಾತ್ರ ತಪ್ಪುವುದಿಲ್ಲ.

ನಾರಾಯಣಪುರ ಜಲಾಶಯದ ಕಾಲುವೆ ಶಹಾಪುರ, ಸುರಪುರದ ಕಡೆ ಭತ್ತ ತಂದಿತು. ಆ ನೀರು ಸಿಗದ ಮಳೆಯಾಶ್ರಿತ ಹಳ್ಳಿಗಳ ಜನ ಬೆಂಗಳೂರು, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಗುಳೆ ಹೋದರು. ಹೀಗೆ ಹಬ್ಬದ ದುಡ್ಡಿಗೆ ಹೊಲದ ಜೊತೆ ನಗರದ ಕೂಲಿಯೂ ಸೇರಿತು. ಇದು ಎದ್ದು ಕಾಣುವುದು ಹಿಂದೂ–ಮುಸ್ಲಿಮರು ಕೂಡಿ ಆಚರಿಸುವ ಮೊಹರಂನಲ್ಲಿ. ಚಾಂದ್ರಮಾನದ ಈ ಹಬ್ಬ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ: 2009ರಲ್ಲಿ ಡಿಸೆಂಬರ್ ಕೊನೆಗೆ ಬಂದಿದ್ದು 2024ರಲ್ಲಿ ಜುಲೈಗೆ ಬಂತು. ಸುಗ್ಗಿಗೆ ಬಂದರೆ ಊರಿನ ವಂತಿಗೆ ಪಟ್ಟಿ ಸಲೀಸಾಗಿ ಕೂಡುತ್ತದೆ. ಬಿತ್ತನೆಗೆ ಬಂದರೆ ಗುಳೆ ಹೋದವರು ತಂದ ದುಡ್ಡೇ ಆಸರೆ.

ನಗರದ ಕೂಲಿಯೂ ಕೈಕೊಡುತ್ತದೆ. 2020ರ ಮಾರ್ಚ್ 25ರಂದು, ಯುಗಾದಿಯ ದಿನವೇ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾಯಿತು. ಕಟ್ಟಡ ಕೆಲಸ ನಿಂತಿತು, ಮನೆಗೆ ಬರುವ ಹಣವೂ ನಿಂತಿತು.

ರೈತ ಹಬ್ಬ–ಮದುವೆಗೆ ದುಂದು ಮಾಡಿ ಸಾಲಗಾರನಾಗುತ್ತಾನೆ ಎಂಬ ಮಾತು ಹಳೆಯದು, ಅನ್ಯಾಯದ್ದು ಕೂಡ. ಸಾಹುಕಾರರ ವಿರುದ್ಧ ರೈತರು ಎದ್ದ 1875ರ ದಖ್ಖನ್ ದಂಗೆಗಳನ್ನು ವಿಚಾರಿಸಿದ ಆಯೋಗವೇ ಈ ಕಾರಣಕ್ಕೆ ಸಲ್ಲದಷ್ಟು ಮಹತ್ವ ಸಿಕ್ಕಿದೆ ಎಂದಿತ್ತು. ಉದ್ರಿ ಬೆಳೆಯುವುದು ಬೆಳೆ ಮತ್ತು ಬೆಲೆ ಎರಡೂ ಬಿದ್ದಾಗ.

2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅದೇ ವರ್ಷದ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಆರಂಭವಾಯಿತು. ಹಬ್ಬದ ಖರ್ಚಿಗೂ ಒದಗುವ, ಮನೆಯೊಡತಿಯ ಖಾತೆಗೆ ತಿಂಗಳಿಗೊಮ್ಮೆ ಸೇರುವ ಆ 2,000 ರೂಪಾಯಿ ಮಳೆಯನ್ನೂ ಮಾರುಕಟ್ಟೆಯನ್ನೂ ನೆಚ್ಚಿದ್ದಲ್ಲ.