ಹಳೆಯ ರೇಡಿಯೊ ಮತ್ತು ಹೊಸ ಗದ್ದಲ

ಅಟ್ಟದಲ್ಲಿದ್ದ ವಾಲ್ವ್ ರೇಡಿಯೊವನ್ನು ದುರಸ್ತಿ ಮಾಡಿಸಿ ಶಾರ್ಟ್‌ವೇವ್‌ಗೆ ತಿರುಗಿಸಿದವರಿಗೆ ಇಂದು ನಗರಗಳಲ್ಲಿ ಹೆಚ್ಚಾಗಿ ಕೇಳುವುದು ಕರಕರ ಸದ್ದು. ಸೆಟ್ಟಿಗೆ ವಯಸ್ಸಾಯಿತೆಂದು ತೀರ್ಮಾನಿಸುವುದು ಸುಲಭ. ಆದರೆ ಅಪರಾಧಿ ಸದಾ ಸೆಟ್ಟೇ ಆಗಿರುವುದಿಲ್ಲ.

ಈ ಸೆಟ್ಟುಗಳಿಗೆ ಮಿತಿಗಳಿದ್ದುದು ನಿಜ. ಶಾರ್ಟ್‌ವೇವ್ ಎಂದರೆ 3ರಿಂದ 30 ಮೆಗಾಹರ್ಟ್ಸ್. ಬಹುತೇಕ ಸೆಟ್ಟುಗಳು ಬಂದ ಸಂಕೇತವನ್ನು ಸುಮಾರು 455 ಕಿಲೋಹರ್ಟ್ಸ್‌ಗೆ ಇಳಿಸಿ ವರ್ಧಿಸುತ್ತಿದ್ದವು. ಇದರ ಫಲವಾಗಿ 910 ಕಿಲೋಹರ್ಟ್ಸ್ ದೂರದ ಇನ್ನೊಂದು ಕೇಂದ್ರವೂ ಒಳನುಸುಳಬಹುದಿತ್ತು. ಮೀಡಿಯಂವೇವ್‌ನಲ್ಲಿ ಇಷ್ಟು ಅಂತರವನ್ನು ಬೇರ್ಪಡಿಸುವುದು ಸುಲಭ. 17 ಮೆಗಾಹರ್ಟ್ಸ್‌ನಲ್ಲಿ ಅದು ಕೇವಲ ಶೇಕಡಾ ಐದರಷ್ಟು. ಆದ್ದರಿಂದಲೇ ಒಂದೇ ಕೇಂದ್ರ ಡಯಲ್ಲಿನ ಎರಡು ಕಡೆ ಕೇಳಿಸುತ್ತಿತ್ತು. ಮೊದಲಲ್ಲೇ ಪ್ರತ್ಯೇಕ ವರ್ಧಕ ವಾಲ್ವ್ ಇದ್ದ ದುಬಾರಿ ಸೆಟ್ಟುಗಳು ಈ ತೊಡಕನ್ನು ತಗ್ಗಿಸಿ, 16 ಮತ್ತು 13 ಮೀಟರ್ ಬ್ಯಾಂಡುಗಳ ಕ್ಷೀಣ ಕೇಂದ್ರಗಳನ್ನೂ ಹಿಡಿಯುತ್ತಿದ್ದವು.

ಆ ಮೇಲಿನ ಬ್ಯಾಂಡುಗಳಲ್ಲಿ ನಿಸರ್ಗದ ಗದ್ದಲ ಕಡಿಮೆ. ಅಲ್ಲಿ ಈಗ ತುಂಬಿಕೊಂಡಿರುವುದು ಮನುಷ್ಯನಿರ್ಮಿತ ಗದ್ದಲ. ಅಗ್ಗದ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್‌ಗಳ ಒಳಗಿನ ವಿದ್ಯುನ್ಮಂಡಲಗಳು ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚುತ್ತವೆ. ಶೋಧಕ ಬಿಡಿಭಾಗಗಳನ್ನು ಕೈಬಿಟ್ಟರೆ ಈ ಕ್ರಿಯೆಯ ಪ್ರತಿಧ್ವನಿ ಶಾರ್ಟ್‌ವೇವ್‌ವರೆಗೂ ಹರಡುತ್ತದೆ. ಪರೀಕ್ಷೆ ಸರಳ: ಆಂಟೆನಾ ತಂತಿ ಕಳಚಿದಾಗ ಸದ್ದು ಇಳಿದರೆ ಅದು ಬಹುಮಟ್ಟಿಗೆ ಹೊರಗಿನಿಂದ ಬಂದದ್ದು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಸಮಸ್ಯೆ. ಕೆಲವು ರೂಪಾಯಿ ಉಳಿಸಿದ ತಯಾರಕನಿಗೆ ಲಾಭ. ಅದರ ವೆಚ್ಚವನ್ನು ಭರಿಸುವವನು ನೆರೆಮನೆಯ ಕೇಳುಗ. ಕಾರ್ಖಾನೆಯ ಕೊಳಚೆ ಕೆರೆಗೆ ಸೇರುವಂತೆಯೇ ಇದೂ.

ಬಿಬಿಸಿ ಹಿಂದಿಯೇ 2020ರಲ್ಲಿ ಶಾರ್ಟ್‌ವೇವ್ ಪ್ರಸಾರ ನಿಲ್ಲಿಸಿರುವಾಗ ಈ ಚಿಂತೆ ಏಕೆ ಎಂದು ಕೆಲವರು ಕೇಳಬಹುದು. 2004ರ ಸುನಾಮಿಯಲ್ಲಿ ಅಂಡಮಾನ್-ನಿಕೋಬಾರ್‌ನ ದೂರವಾಣಿ ಸಂಪರ್ಕ ಕಡಿದಾಗ ಹವ್ಯಾಸಿ ರೇಡಿಯೊ ಬಳಗ ಸುದ್ದಿ ಮುಟ್ಟಿಸಿದ್ದು ಈ ತರಂಗಗಳ ಮೂಲಕವೇ. ನಡುವೆ ತಂತಿ, ಗೋಪುರ ಯಾವುದೂ ಬೇಡದ, ಅಯಾನುಗೋಳವನ್ನೇ ಆಶ್ರಯಿಸಿದ ಸಂಪರ್ಕವಿದು. ಗದ್ದಲದಲ್ಲಿ ಮುಳುಗಿದರೆ ಆಪತ್ಕಾಲದ ಕರೆ ಯಾರಿಗೂ ಕೇಳಿಸದು.

ರೇಡಿಯೊ ಅಡಚಣೆಯ ಮಿತಿಗಳನ್ನು ನಿಗದಿಪಡಿಸುವ ಅಂತಾರಾಷ್ಟ್ರೀಯ ಸಮಿತಿ ಹುಟ್ಟಿದ್ದು 1934ರಲ್ಲಿ. ಆದ್ದರಿಂದ ಮಾನದಂಡಗಳಿಗೆ ಕೊರತೆಯಿಲ್ಲ. ಅಂಗಡಿಯ ಸರಕನ್ನು ಆಗಾಗ್ಗೆ ಪರೀಕ್ಷಿಸಿ, ತಪ್ಪಿದವರ ಮೇಲೆ ಕ್ರಮ ಜರುಗಿಸುವ ಇಚ್ಛಾಶಕ್ತಿ ಬೇಕು. ಒಂದು ಕಾಲದಲ್ಲಿ ರೇಡಿಯೊ ಕೇಳುವವರು ಅಂಚೆ ಕಚೇರಿಯಲ್ಲಿ ಶುಲ್ಕ ತೆತ್ತು ಲೈಸೆನ್ಸ್ ಪಡೆಯಬೇಕಿತ್ತು. ಕೇಳುವವನಿಂದ ಲೆಕ್ಕ ಕೇಳಿದ ಆಡಳಿತ, ಗದ್ದಲ ಮಾಡುವವನಿಂದಲೂ ಲೆಕ್ಕ ಕೇಳುವುದು ನ್ಯಾಯ.