ಜಿಂಕೆಯ ಮೈಶುದ್ಧಿ

ನಾಗಮಂಗಲ, ಕೃಷ್ಣರಾಜಪೇಟೆಗಳ ಹಳ್ಳಿಗಳಲ್ಲಿ, ಮೇದು ಬಂದ ಹಸುವಿನ ಗಂಗೆದೊಗಲಿಗೂ ಕಿವಿಗೂ ಕಚ್ಚಿಕೊಂಡ ಉಣ್ಣೆಗಳನ್ನು ರೈತನು ಕೈಯಿಂದಲೇ ಕಿತ್ತು ತೆಗೆಯುವುದು ನಿತ್ಯದ ನೋಟ. ಶ್ರೀರಂಗಪಟ್ಟಣದ ಗದ್ದೆಬಯಲಿನಲ್ಲಿ ದನದ ಬೆನ್ನೇರುವ ಗೋವಕ್ಕಿಯೂ ಒಮ್ಮೊಮ್ಮೆ ಈ ಸೇವೆಯನ್ನು ಸಲ್ಲಿಸುವುದುಂಟು. ಒಡೆಯನಿಲ್ಲದ ಕಾಡಿನ ಜಿಂಕೆಯಾದರೋ ಈ ಪೀಡೆಯನ್ನು ಬಹುಮಟ್ಟಿಗೆ ತಾನೇ ನಿವಾರಿಸಿಕೊಳ್ಳಬೇಕು.

ಬಂಡೀಪುರ, ನಾಗರಹೊಳೆಗಳಲ್ಲಿ ಚುಕ್ಕಿಜಿಂಕೆಯೊಂದನ್ನು ತಾಳ್ಮೆಯಿಂದ ನೋಡಿರಿ. ಮೇಯುತ್ತಿದ್ದುದು ತಟಕ್ಕನೆ ಕೊರಳನ್ನು ಹಿಂದಕ್ಕೆ ಹೊರಳಿಸಿ, ಕೆಳದವಡೆಯ ಮುಂಬಲ್ಲುಗಳನ್ನು ಪಕ್ಕೆಯ ರೋಮದೊಳಕ್ಕಿಟ್ಟು ಕೆಳಗಿನಿಂದ ಮೇಲಕ್ಕೆ ಎಳೆಯುತ್ತದೆ. ಮೇಲ್ದವಡೆಯಲ್ಲಿ ಮುಂಬಲ್ಲುಗಳಿಲ್ಲದ ಈ ಪ್ರಾಣಿಗೆ ಕೆಳಗಿನ ಹಲ್ಸಾಲೇ ಬಾಚಣಿಗೆ. ಬಾಯಿ ಎಟುಕದ ತಲೆ, ಕೊರಳುಗಳನ್ನು ಹಿಂಗಾಲಿನ ಗೊರಸಿನಿಂದ ಕೆರೆದುಕೊಳ್ಳುತ್ತದೆ. ಕೆಲವೊಮ್ಮೆ ಹಿಂಡಿನ ಸಂಗಾತಿಯೇ ನೆಕ್ಕಿ ನೆರವಾಗುತ್ತದೆ.

ಉಣ್ಣೆಯ ಎಂಜಲಿನಲ್ಲಿ ನೆತ್ತರು ಹೆಪ್ಪುಗಟ್ಟದಂತೆ ತಡೆಯುವ, ಚರ್ಮದ ಪ್ರತಿಕ್ರಿಯೆಯನ್ನು ಅಡಗಿಸುವ ದ್ರವ್ಯಗಳಿರುವುದರಿಂದ, ಕಚ್ಚಿದ್ದು ಒಡನೆಯೇ ತಿಳಿಯಲಾರದು. ತಿಳಿಯುವ ವೇಳೆಗೆ ಹೆಣ್ಣುಣ್ಣೆಯು ರಕ್ತವನ್ನು ಹೀರಿ ಹಲವು ಮಡಿ ಉಬ್ಬಿ, ನೆಲಕ್ಕುದುರಿ, ಸಾವಿರಾರು ಮೊಟ್ಟೆಗಳನ್ನಿಡಲು ಸಿದ್ಧವಾಗಿರಬಹುದು. ಆದಕಾರಣ ನವೆಗೆ ಕಾದಿರುವುದು ಪ್ರಾಣಿಗೆ ಹಾನಿಕರ. ಕ್ಯಾಲಿಫೋರ್ನಿಯಾದ ವಿಜ್ಞಾನಿ ಬೆಂಜಮಿನ್ ಹಾರ್ಟ್ ಮತ್ತು ಅವರ ಸಂಗಡಿಗರು, ಇಂತಹ ಮೃಗಗಳಲ್ಲಿ ಕಡಿತವನ್ನು ಅವಲಂಬಿಸದೆ ಒಳಗಿನ ಗಡಿಯಾರವೇ ಆಗಾಗ ಮೈಶುದ್ಧಿಗೆ ಪ್ರೇರಿಸುತ್ತದೆಂದು ವಾದಿಸಿದರು. ಆಫ್ರಿಕದ ಇಂಪಾಲವೆಂಬ ಹುಲ್ಲೆಗಳ ಕೊರಳಿಗೆ ಪಟ್ಟಿಯನ್ನು ತೊಡಿಸಿ ಹಲ್ಲು ಮೈಗೆ ತಾಗದಂತೆ ಮಾಡಿದಾಗ ಉಣ್ಣೆಗಳು ಅನೇಕ ಪಟ್ಟು ಹೆಚ್ಚಿದುದು ಈ ಕಾರ್ಯದ ಮಹತ್ತ್ವಕ್ಕೆ ಸಾಕ್ಷಿ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದಾಗ ಚರ್ಮದ ವಿಸ್ತಾರ ಹಿರಿದಾಗುವುದರಿಂದ, ಮರಿಗಳು ತಾಯಿಗಿಂತಲೂ ಹೆಚ್ಚಾಗಿ ಮೈನೆಕ್ಕಿಕೊಳ್ಳುತ್ತವೆ.

ಆದರೆ ಈ ಶುದ್ಧಿಗೆ ಬೆಲೆಯುಂಟು. ತಲೆ ಪಕ್ಕೆಗೆ ಹೊರಳಿದ ಕ್ಷಣದಲ್ಲಿ ಮೇವೂ ನಿಲ್ಲುತ್ತದೆ, ಹುಲಿಯ ಮೇಲಣ ಕಣ್ಣೂ ತಪ್ಪುತ್ತದೆ. ಬೆದೆಗಾಲದಲ್ಲಿ ಹೆಣ್ಣುಗಳನ್ನೂ ಎದುರಾಳಿಗಳನ್ನೂ ಎಡೆಬಿಡದೆ ಕಾಯುವ ಗಂಡು ಮೈಶುದ್ಧಿಯನ್ನು ಕಡೆಗಣಿಸುವುದರಿಂದ, ಅದರ ಮೈಯಲ್ಲಿ ಉಣ್ಣೆಗಳು ಹೆಚ್ಚುವುದನ್ನು ಇಂಪಾಲಗಳಲ್ಲಿಯೂ ಕಂಡಿದ್ದಾರೆ.

ಇದು ಕಾಡಿನ ಸಂಗತಿಯಷ್ಟೇ ಅಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕುರುಚಲು ಕಾಡು 1974ರಲ್ಲಿ ವನ್ಯಜೀವಿಧಾಮವೆನಿಸಿತು. ಇಂತಹ ಕಾಡಂಚುಗಳಲ್ಲಿ ದನವೂ ಮೃಗವೂ ಒಂದೇ ಹುಲ್ಲನ್ನು ತುಳಿಯುವಾಗ, ಒಂದರ ಮೈಯಿಂದ ಉದುರಿದ ಉಣ್ಣೆಯ ಸಂತತಿ ಮತ್ತೊಂದರ ಮೇಲೇರಬಲ್ಲುದು. ಶಿವಮೊಗ್ಗ ಜಿಲ್ಲೆಯಲ್ಲಿ 1957ರಲ್ಲಿ ಬೆಳಕಿಗೆ ಬಂದ ಕ್ಯಾಸನೂರು ಕಾಡಿನ ಕಾಯಿಲೆಯು, ಉಣ್ಣೆಯ ಬಾಯಿ ಮನುಷ್ಯನವರೆಗೂ ಚಾಚಬಲ್ಲುದೆಂದು ನಮಗೆ ಕಲಿಸಿತು. ಆದ್ದರಿಂದ ದನದ ಮೈಯನ್ನು ನಾವು ಶುಚಿಯಾಗಿಡುವುದೂ, ನಾಯಿಗಳ ಮತ್ತು ಜನಸಂದಣಿಯ ಕಾಟವಿಲ್ಲದೆ ತನ್ನ ಮೈಯನ್ನು ತಾನೇ ಶುಚಿಗೊಳಿಸಿಕೊಳ್ಳಲು ಜಿಂಕೆಗೆ ಬೇಕಾದ ನಿರ್ಭಯವನ್ನು ಒದಗಿಸುವುದೂ ಬೇರೆ ಬೇರೆ ಧರ್ಮಗಳಲ್ಲ. ಎರಡೂ ನಮ್ಮ ಕ್ಷೇಮಕ್ಕೇ ಸೇರಿದವು.